ಅರಮನೆಯ ಮೋಟಾರು ಬಂಡಿಯ ವಂಶಾವಳಿ

ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿಯ ದನಗಳ ಜಾತ್ರೆಗೆ ಕೊಳಾಲದ ಕಡೆಯ ರೈತನೊಬ್ಬನು ಎತ್ತು ಕೊಳ್ಳಲು ಹೋದನೆನ್ನೋಣ. ಮಾರುವವನು ಎಷ್ಟು ವರ್ಣಿಸಿದರೂ ಅವನು ಕಿವಿಗೊಡುವುದಿಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಮೈಮೇಲಿನ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಬೆಲೆಯ ಮಾತು. ನಮ್ಮಂಥ ಪಟ್ಟಣವಾಸಿಗಳಾದರೋ, ಮದುವೆಯ ಮೆರವಣಿಗೆಯಲ್ಲಿ ಹಳೆಯ ದೊಡ್ಡ ಮೋಟಾರು ಬಂಡಿಯೊಂದು ಕಂಡೊಡನೆ, ಹಲ್ಲನ್ನೂ ನೋಡದೆ ಸುಳಿಯನ್ನೂ ನೋಡದೆ, "ಇದು ಮಹಾರಾಜರದು" ಎಂದು ಒಪ್ಪಿಕೊಂಡುಬಿಡುತ್ತೇವೆ. ಅಂಥ ಬಂಡಿಯ ಹಲ್ಲು ಯಾವುದು, ಸುಳಿ ಯಾವುದು ಎಂಬುದೇ ಈ ದಿವಸದ ವಿಷಯ.

ಮೈಸೂರಿನ ಮಟ್ಟಿಗೆ ಎಲ್ಲರೂ ಬಲ್ಲ ಕಥೆಯೊಂದುಂಟು. ಮೈಸೂರಿನ ಮಹಾರಾಜರು ರೋಲ್ಸ್ ರಾಯ್ಸ್ ಬಂಡಿಗಳನ್ನು ಒಂದೊಂದಾಗಿ ಕೊಳ್ಳುತ್ತಿರಲಿಲ್ಲ, ಏಳೇಳರ ಕಂತೆಯಾಗಿ ಕೊಳ್ಳುತ್ತಿದ್ದರು. ಅದರಿಂದ ಆ ಕಂಪನಿಯವರು ತಮ್ಮೊಳಗೆ ದೊಡ್ಡ ಬೇಡಿಕೆಗೆ "ಮೈಸೂರು ಮಾಡುವುದು" ಎಂದು ಹೆಸರಿಟ್ಟಿದ್ದರು ಎಂಬುದು ಆ ಕಥೆ. ಮೋಟಾರುಗಳ ಚರಿತ್ರೆ ಬರೆದವರು ಇದನ್ನು ಒಬ್ಬರಿಂದೊಬ್ಬರು ಎತ್ತಿಕೊಂಡು ಬರೆಯುತ್ತ ಬಂದಿದ್ದಾರೆ. ಕೇಳುವುದಕ್ಕೆ ಹಿತವಾಗಿದೆ, ಆದರೆ ಏಳು ಬಂಡಿಗಳ ಏಳು ಸಂಖ್ಯೆಗಳನ್ನು ಪಕ್ಕದಲ್ಲಿ ಬರೆದು ತೋರಿಸದೆ ಕಥೆ ಸಾಕ್ಷ್ಯವಾಗಲಾರದು.

ದೊರೆಗಳು ಈ ಬಂಡಿಯನ್ನೇ ಏಕೆ ಮೆಚ್ಚಿದರು? ವೈಭವವೊಂದೇ ಕಾರಣವೆಂದು ತಿಳಿಯುವುದು ಸರಿಯಲ್ಲ. ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ವರ್ಷಗಳಲ್ಲಿ ಕೊಳಾಲದಂಥ ಊರಿಂದ ಹೊರಡುತ್ತಿದ್ದುದು ಎತ್ತಿನ ಗಾಡಿಯ ಜಾಡು. ಎರಡು ಬದಿಗೂ ಚಕ್ರ ಕೊರೆದ ಹಳ್ಳ, ನಡುವೆ ದಿಣ್ಣೆ. ತಗ್ಗಾದ ಬಂಡಿಯ ಹೊಟ್ಟೆ ಆ ದಿಣ್ಣೆಗೆ ತಾಗದೆ ಇರದು. ರೋಲ್ಸ್ ರಾಯ್ಸ್ ಕಂಪನಿಯವರು ವಸಾಹತು ದೇಶಗಳಿಗಾಗಿಯೇ ನೆಲದಿಂದ ಹೆಚ್ಚು ಎತ್ತರವಾಗಿ, ಸ್ಪ್ರಿಂಗುಗಳನ್ನು ಬಲಪಡಿಸಿ ಬಂಡಿಗಳನ್ನು ಮಾಡುತ್ತಿದ್ದರು. ೧೯೦೮ರಲ್ಲಿ ಮುಂಬಯಿಯಿಂದ ಕೊಲ್ಲಾಪುರಕ್ಕೆ ಘಟ್ಟಗಳ ಮೇಲೆ ನಡೆದ ಸುಮಾರು ೬೨೦ ಮೈಲಿಗಳ ಪರೀಕ್ಷೆಯಲ್ಲಿ "ಪೂರ್ವದೇಶದ ಮುತ್ತು" ಎಂಬ ಹೆಸರಿನ ಇವರ ಬಂಡಿಯೊಂದು ಕೆಟ್ಟು ನಿಲ್ಲದೆ ಓಡಿತು. ಓಡಿದ ಮೇಲೆ ಗ್ವಾಲಿಯರಿನ ಮಹಾರಾಜರು ಅದನ್ನು ಕೊಂಡರು. ೧೯೧೧ರ ದೆಹಲಿ ದರ್ಬಾರಿಗೆ ಭಾರತ ಸರ್ಕಾರವೇ ಎಂಟನ್ನು ತರಿಸಿತು. ಆರು ಸಿಲಿಂಡರಿನ ಆ ಯಂತ್ರ ಎಷ್ಟು ಮೃದುವಾಗಿ ಎಳೆಯುತ್ತಿತ್ತೆಂದರೆ, ಅದೇ ವರ್ಷ ಲಂಡನ್ನಿನಿಂದ ಎಡಿನ್‌ಬರೋವರೆಗೆ ಒಂದು ಬಂಡಿಯನ್ನು ಗಿಯರು ಬದಲಾಯಿಸದೆ ಮೇಲಿನ ಗಿಯರಿನಲ್ಲಿಯೇ ನಡೆಸಿಕೊಂಡು ಹೋದರು. ಮೆರವಣಿಗೆಯಲ್ಲಿ ಮನುಷ್ಯರ ನಡಿಗೆಯ ವೇಗದಲ್ಲಿ ಸಾಗಬೇಕಾದ ದೊರೆಗೆ ಈ ಗುಣ ಎಷ್ಟು ಬೇಕಾದುದೆಂದು ಬೇರೆ ಹೇಳಬೇಕಾಗಿಲ್ಲ. (ವಿಜಯದಶಮಿಯ ದಿನ ಮಾತ್ರ ಯಾವ ಮೋಟಾರೂ ಅಂಬಾರಿಯ ಆನೆಗೆ ಸಮನಾಗಲಿಲ್ಲ.)

ಇನ್ನು ಹಲ್ಲು ಮತ್ತು ಸುಳಿಯ ವಿಚಾರ. ಎರಡನೆಯ ಮಹಾಯುದ್ಧಕ್ಕೆ ಮೊದಲು ಈ ಕಂಪನಿಯವರು ಪೂರ್ತಿ ಬಂಡಿಯನ್ನು ಮಾರುತ್ತಿರಲಿಲ್ಲ. ಚೌಕಟ್ಟು, ಯಂತ್ರ, ಚಕ್ರ ಇಷ್ಟೇ ಅವರದು. ಇದಕ್ಕೆ ಚಾಸಿ ಎಂದು ಹೆಸರು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಇದೊಂದಕ್ಕೇ ೯೮೫ ಪೌಂಡು, ಎಂದರೆ ಆಗಿನ ಸುಮಾರು ೧೫,೦೦೦ ರೂಪಾಯಿ. ಮೇಲಿನ ಗೂಡನ್ನು ಬಾರ್ಕರ್, ಹೂಪರ್ ಮೊದಲಾದ ಸಾರೋಟು ಕಟ್ಟುವ ಮನೆತನಗಳು ಗಿರಾಕಿಯ ಇಷ್ಟದಂತೆ ಕಟ್ಟಿಕೊಡುತ್ತಿದ್ದುವು. ಆದುದರಿಂದ ಒಂದು ಗೂಡನ್ನು ಕಳಚಿ ಮತ್ತೊಂದನ್ನು ಕೂರಿಸುವುದು ಸುಲಭ. ಹಾಗೆ ಮಾಡಿದವರೂ ಬಹಳ. ಹಿಂದೆ ಸಾದಾ ಗೂಡಿದ್ದ ಚಾಸಿಯ ಮೇಲೆ ಇಂದು ರಾಜಯೋಗ್ಯವಾದ ಗೂಡು ಕುಳಿತಿರಬಹುದು. ಕಣ್ಣು ಮೋಸಹೋಗುವುದು ಇಲ್ಲಿಯೇ. ಮೋಸಹೋಗದಿರುವುದು ಚೌಕಟ್ಟಿಗೆ ಕೊಟ್ಟ ಸಂಖ್ಯೆ, ಯಂತ್ರದ ಸಂಖ್ಯೆ, ಮತ್ತು ಅವಕ್ಕೆ ಹೊಂದುವ ಕಾರ್ಖಾನೆಯ ಚೀಟಿ. ಪ್ರತಿಯೊಂದು ಚಾಸಿಗೂ, ಯಾರು ಬೇಡಿದರು, ಯಾರು ಗೂಡು ಕಟ್ಟಿದರು, ಏನೇನು ವಿಶೇಷ ಬೇಕೆಂದರು ಎಂದು ಬರೆದಿಟ್ಟ ಆ ಚೀಟಿಗಳು ನಾರ್ತಾಂಪ್ಟನ್‌ಶೈರಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ, ಅಭಿಮಾನಿಗಳ ಸಂಘವೊಂದರ ಮನೆಯಲ್ಲಿ, ಇಂದಿಗೂ ಇವೆ. ನಮ್ಮ ಅರಮನೆಗಳ ಬಂಡಿಗಳ ಜಾತಕ ಇಂಗ್ಲೆಂಡಿನ ಹಳ್ಳಿಯಲ್ಲಿರುವುದು ವಿಚಿತ್ರವೇ ಸರಿ.

ಈ ರೀತಿಯಲ್ಲಿ ನೋಡತಕ್ಕ ಬಂಡಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ರೋಲ್ಸ್ ರಾಯ್ಸ್ ಅಲ್ಲ, ಅದರ ದಾಯಾದಿ. ಬೆಂಟ್ಲಿ ಕಂಪನಿಯನ್ನು ರೋಲ್ಸ್ ರಾಯ್ಸಿನವರು ೧೯೩೧ರಲ್ಲಿಯೇ ಕೊಂಡಿದ್ದರು. ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಕ್ರೂ ಪಟ್ಟಣದ ಕಾರ್ಖಾನೆಯಿಂದ ಬೆಂಟ್ಲಿ ಮಾರ್ಕ್ ೬ ಹೊರಟಿತು. ಉಕ್ಕಿನ ತಗಡನ್ನು ಒತ್ತಿ ಮಾಡಿದ ಗೂಡಿನೊಡನೆ ಕಾರ್ಖಾನೆಯೇ ಪೂರ್ತಿಯಾಗಿ ಮಾರಿದ ಮೊದಲನೆಯ ಬಂಡಿ ಇದು. ೪,೨೫೭ ಘನ ಸೆಂಟಿಮೀಟರಿನ ಯಂತ್ರ. ಒಳಗೆಳೆಯುವ ಕವಾಟ ಮೇಲೆ, ಹೊರಬಿಡುವ ಕವಾಟ ಪಕ್ಕದಲ್ಲಿ. ಚಾಲಕನು ಕಾಲಿನಿಂದ ಒಂದು ಮೆಟ್ಟುಗೋಲನ್ನು ಒತ್ತಿದರೆ ಚೌಕಟ್ಟಿನ ಕೀಲುಗಳಿಗೆಲ್ಲ ಎಣ್ಣೆ ಹರಿಯುವ ಏರ್ಪಾಡೂ ಇತ್ತು. ಶ್ರೀ ಜಯಚಾಮರಾಜ ಒಡೆಯರಿಗೆ ಈ ಮಾದರಿಯದೊಂದು ೧೯೪೯ರಲ್ಲಿ ಬಂದಿತು. "ಮೈಸೂರು ೧" ಎಂಬ ಫಲಕದಿಂದ ಅದು ಪ್ರಸಿದ್ಧವಾಯಿತು.

ಆ ವರ್ಷವನ್ನು ತಾವು ಗಮನಿಸಬೇಕು. ೧೯೪೭ರ ಅಕ್ಟೋಬರಿನಲ್ಲಿಯೇ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಾಗಿತ್ತು. ೧೯೫೦ರ ಜನವರಿ ೨೬ರಂದು ಮಹಾರಾಜರು ರಾಜಪ್ರಮುಖರಾದರು, ೧೯೫೬ರಲ್ಲಿ ರಾಜ್ಯಪಾಲರು. ಸಂಗೀತದಲ್ಲಿ ಇವರ ಅಭಿರುಚಿ ಎಂಥದೆಂದರೆ, ಇದೇ ವರ್ಷಗಳಲ್ಲಿ ರಷ್ಯದ ಮೆಟ್ನರ್ ಎಂಬ ವಾಗ್ಗೇಯಕಾರನ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟಿದ್ದರು. ಅಂಥವರ ಬಂಡಿಯ ಮೇಲೆ "ಮೈಸೂರು" ಎಂದು ಬರೆದಿದ್ದಾಗ, ಆ ಹೆಸರಿನ ಸಂಸ್ಥಾನವೇ ಕೆಲವು ತಿಂಗಳುಗಳಲ್ಲಿ ಮುಗಿಯುವುದರಲ್ಲಿತ್ತು. ಆಳುವ ದೊರೆಯಾಗಿ ಕೊಂಡು, ಆಳದ ದೊರೆಯಾಗಿ ಹತ್ತಿದ ಬಂಡಿ ಅದು. ಸಿಂಹಾಸನದಲ್ಲಿಯೂ ಅಂಬಾರಿಯಲ್ಲಿಯೂ ಕಾಣದ ಈ ಮಾತು ಒಂದು ತಗಡಿನ ಫಲಕದಲ್ಲಿ ಕಾಣುವುದರಿಂದಲೇ ನಾನು ಅದನ್ನು ಅಪೂರ್ವವೆಂದು ಎಣಿಸುತ್ತೇನೆ; ಮಾರ್ಕ್ ೬ ಒಟ್ಟು ಐದು ಸಾವಿರಕ್ಕೆ ಮೇಲ್ಪಟ್ಟು ತಯಾರಾದುದರಿಂದ, ಬರಿಯ ಎಣಿಕೆಯಲ್ಲಿ ಅದು ಅಪೂರ್ವವೇನೂ ಅಲ್ಲ.

ಮೈಸೂರಿಗೆ ಗೊತ್ತುಮಾಡಿದ್ದ ರಾಜಧನ ವರ್ಷಕ್ಕೆ ೨೬ ಲಕ್ಷ ರೂಪಾಯಿ. ೧೯೭೧ರ ಡಿಸೆಂಬರಿನಲ್ಲಿ ದೇಶದ ಎಲ್ಲ ರಾಜಧನಗಳೂ ರದ್ದಾದುವು. ಆ ಹೊತ್ತಿಗೆ ಮೊದಲೂ, ಅದರಿಂದೀಚೆಗೂ ಅನೇಕ ಅರಮನೆಗಳ ಬಂಡಿಗಳು ಕೈಬದಲಾದುವು. ಬಂಡಿ ಹೋದುದಕ್ಕಿಂತ ಅದರ ಜೊತೆಯ ಕಾಗದಗಳು ಹೋದುದೇ ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ. ನೋಂದಣಿ ಪುಸ್ತಕ, ಲಾಯದ ದಿನಚರಿ, ಗೂಡು ಕಟ್ಟಿದವರ ಬಿಲ್ಲು, ಬಿಡಿಭಾಗಗಳಿಗಾಗಿ ಬರೆದ ಪತ್ರ, ಇವುಗಳನ್ನು ಕಳೆದುಕೊಂಡ ಬಂಡಿ ತನ್ನ ಒಡೆಯನ ಹೆಸರನ್ನು ಹೇಳಲಾರದು, ಹೇಳುವವನು ದಲ್ಲಾಳಿ. ತಮ್ಮಲ್ಲಿ ಯಾರ ಅಜ್ಜನಾದರೂ ಅರಮನೆಯ ಮೋಟಾರು ಖಾನೆಯಲ್ಲಿ ಕೆಲಸಮಾಡಿದ್ದು, ಅಂಥ ಒಂದು ಹರಕು ಪುಸ್ತಕ ಅಟ್ಟದ ಮೇಲಿದ್ದರೆ, ಹಳೆಯ ಕಾಗದ ಕೊಳ್ಳುವವನಿಗೆ ಹಾಕುವ ಮುಂಚೆ ಒಳಗಿನ ಸಂಖ್ಯೆಗಳನ್ನು ಒಮ್ಮೆ ಓದಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಭಾರತ ಸರ್ಕಾರವು ೨೦೨೧ರ ನಿಯಮಗಳಲ್ಲಿ ಐವತ್ತು ವರ್ಷಕ್ಕೆ ಮೇಲ್ಪಟ್ಟ ವಾಹನಗಳಿಗೆ ಬೇರೆಯ ನೋಂದಣಿಯನ್ನು ಏರ್ಪಡಿಸಿ, "ವಿಎ" ಎಂಬ ಅಕ್ಷರಗಳನ್ನು ಗೊತ್ತುಮಾಡಿದೆ. ನಿತ್ಯದ ಓಡಾಟಕ್ಕೆ ಇಂಥವನ್ನು ಬಳಸುವಂತಿಲ್ಲ. ಆದರೆ ಮೊದಲೇ ನೋಂದಣಿಯಾಗಿರುವ ವಾಹನವು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದೆಂದು ಅದೇ ನಿಯಮ ಹೇಳುತ್ತದೆ.