ಗ್ರಾಮೀಣ ಕಬಡ್ಡಿ ಲೀಗ್: ಅಂಕೋಲಾ ತಾಲ್ಲೂಕಿನ ಯುವ ಆಟಗಾರರು ಹಾಗೂ ಸಂಘಟಕರಿಗೆ ಮಾಹಿತಿ

ಪೀಠಿಕೆ

ಕಾರವಾರ, ಅಂಕೋಲಾ ಭಾಗಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ಜನಪ್ರಿಯವಾಗಿವೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನಿಂದ ಈ ಆಟವು ದೂರದರ್ಶನದ ಮೂಲಕ ಮನೆಮನೆಗೂ ತಲುಪಿತು. ಆದರೆ ನೋಡುಗರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಆಡುವವರ ಸಂಖ್ಯೆ ಹೆಚ್ಚುವುದಿಲ್ಲ. ಕಿರಿಯ ಆಟಗಾರನು ಅಂಕಣದಲ್ಲಿ ಉಳಿಯಬೇಕಾದರೆ ಅವನಿಗೆ ಆಡಲು ಸಾಕಷ್ಟು ಪಂದ್ಯಗಳು ದೊರೆಯಬೇಕು.

ಲೀಗ್ ಪದ್ಧತಿ ಏಕೆ?

ನಾಕೌಟ್ ಪದ್ಧತಿಯಲ್ಲಿ 8 ತಂಡಗಳಿದ್ದರೆ ಒಟ್ಟು 7 ಪಂದ್ಯಗಳು ನಡೆಯುತ್ತವೆ. 4 ತಂಡಗಳು ಒಂದೇ ಪಂದ್ಯವಾಡಿ ಹಿಂದಿರುಗುತ್ತವೆ. ಸೋತರೆ ಹೊರಬೀಳುವ ಭಯವಿರುವುದರಿಂದ ಅನುಭವಿಗಳೇ ಕಣಕ್ಕಿಳಿಯುತ್ತಾರೆ, ಕಿರಿಯರು ಬದಲಿ ಆಟಗಾರರಾಗಿ ಕುಳಿತಿರಬೇಕಾಗುತ್ತದೆ.

ಅದೇ 8 ತಂಡಗಳನ್ನು ತಲಾ 4ರಂತೆ ಎರಡು ಗುಂಪುಗಳಾಗಿ ವಿಂಗಡಿಸಿದಲ್ಲಿ 12 ಲೀಗ್ ಪಂದ್ಯಗಳು ನಡೆದು, ಪ್ರತಿ ತಂಡಕ್ಕೂ ಕನಿಷ್ಠ 3 ಪಂದ್ಯಗಳು ಲಭಿಸುತ್ತವೆ. ಗೆಲುವಿಗೆ 2, ಸಮಬಲಕ್ಕೆ 1 ಅಂಕ ನೀಡಲಾಗುತ್ತದೆ. ಒಂದು ಸೋಲಿನಿಂದ ಅವಕಾಶ ಮುಗಿಯುವುದಿಲ್ಲವಾದ್ದರಿಂದ ಹೊಸಬರನ್ನು ಆಡಿಸಲು ತರಬೇತುದಾರರಿಗೆ ಧೈರ್ಯ ಬರುತ್ತದೆ.

ವೇಳಾಪಟ್ಟಿ

ವಾರಕ್ಕೆ 4 ಪಂದ್ಯಗಳಂತೆ ಮೂರು ಭಾನುವಾರಗಳಲ್ಲಿ ಲೀಗ್ ಹಂತವನ್ನೂ, ನಾಲ್ಕನೆಯ ಭಾನುವಾರ ಸೆಮಿಫೈನಲ್ ಹಾಗೂ ಫೈನಲ್ ಪಂದ್ಯಗಳನ್ನೂ ಒಂದೇ ಅಂಕಣದಲ್ಲಿ ಮುಗಿಸಬಹುದು. ಕರಾವಳಿಯ ಮಳೆಗಾಲ ಹಾಗೂ ಮಾರ್ಚ್ ತಿಂಗಳ ಪರೀಕ್ಷೆಗಳನ್ನು ಗಮನದಲ್ಲಿರಿಸಿದರೆ ಡಿಸೆಂಬರ್ ಮತ್ತು ಜನವರಿ ತಿಂಗಳುಗಳು ಸೂಕ್ತ.

ಅಂಕಣ ಮತ್ತು ಅವಧಿ

1. ಪುರುಷರು ಮತ್ತು ಕಿರಿಯ ಬಾಲಕರು: 13 x 10 ಮೀಟರ್, ತಲಾ 20 ನಿಮಿಷಗಳ ಎರಡು ಅವಧಿಗಳು.
2. ಮಹಿಳೆಯರು ಮತ್ತು ಕಿರಿಯ ಬಾಲಕಿಯರು: 12 x 8 ಮೀಟರ್, ತಲಾ 15 ನಿಮಿಷಗಳ ಎರಡು ಅವಧಿಗಳು.

ಬಾಲಕಿಯರಿಗಾಗಿ ಪ್ರತ್ಯೇಕ ವಿಭಾಗವನ್ನು ಏರ್ಪಡಿಸುವುದು ಅಪೇಕ್ಷಣೀಯ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿಯವರು 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದು, ಅರ್ಜುನ ಪ್ರಶಸ್ತಿಗೆ ಪಾತ್ರರಾಗಿರುತ್ತಾರೆ.

ಸಂಘದ ನೋಂದಣಿ

ಲೀಗ್ ವರ್ಷವರ್ಷವೂ ಮುಂದುವರಿಯಬೇಕಾದರೆ ಅದನ್ನು ನಡೆಸುವ ಸಂಘವು ಸ್ಥಿರವಾಗಿರಬೇಕು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರನ್ವಯ ಕನಿಷ್ಠ 7 ಜನರು ಸೇರಿ ಸಂಘವನ್ನು ನೋಂದಾಯಿಸಬಹುದು. ಸಂಘದ ಜ್ಞಾಪನ ಪತ್ರ ಹಾಗೂ ನಿಯಮಾವಳಿಗಳನ್ನು ಅರ್ಜಿಯೊಂದಿಗೆ ಸಲ್ಲಿಸತಕ್ಕದ್ದು. ನೋಂದಣಿಯ ನಂತರ ವಾರ್ಷಿಕ ಸಭೆ ನಡೆಸಿ ಲೆಕ್ಕಪತ್ರಗಳನ್ನು ಸರಿಯಾಗಿ ಇಡುವುದು ಕಡ್ಡಾಯ.

ಪಡೆಯಬೇಕಾದ ಅನುಮತಿಗಳು

1. ಮೈದಾನದ ಬಳಕೆಗೆ ಸಂಬಂಧಪಟ್ಟ ಸ್ಥಳೀಯ ಸಂಸ್ಥೆ ಅಥವಾ ಶಾಲೆಯ ಲಿಖಿತ ಒಪ್ಪಿಗೆ.
2. ಧ್ವನಿವರ್ಧಕಕ್ಕೆ ಪೊಲೀಸ್ ಇಲಾಖೆಯ ಅನುಮತಿ. 2000ನೇ ಸಾಲಿನ ಶಬ್ದ ಮಾಲಿನ್ಯ ನಿಯಮಗಳನ್ವಯ ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಕೆಗೆ ನಿರ್ಬಂಧವಿದೆ. ಮಧ್ಯಾಹ್ನವೇ ಆರಂಭವಾಗುವ ಲೀಗ್ ಪಂದ್ಯಗಳಿಗೆ ಇದರಿಂದ ತೊಡಕಾಗುವುದಿಲ್ಲ.

ಮುಂದಿನ ಹಂತ

ಲೀಗ್‌ನಲ್ಲಿ ಪಳಗಿದ ಆಟಗಾರರು ತಾಲ್ಲೂಕು ಮಟ್ಟದಿಂದ ಆರಂಭವಾಗುವ ದಸರಾ ಕ್ರೀಡಾಕೂಟದಲ್ಲಿ ಭಾಗವಹಿಸಿ, ಜಿಲ್ಲೆ, ವಿಭಾಗ ಹಾಗೂ ರಾಜ್ಯ ಮಟ್ಟಕ್ಕೆ ಅರ್ಹತೆ ಪಡೆಯಬಹುದಾಗಿದೆ. ಹೆಚ್ಚಿನ ವಿವರಗಳಿಗೆ ಕಾರವಾರದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.