ಗುಡ್ಡ ಹತ್ತಿದ ಅಕ್ಕಂದಿರು

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ಕಾನೂನುಬಾಹಿರ ಎಂದು ಮುಂಬಯಿ ಪ್ರಾಂತ್ಯದ ಸರ್ಕಾರ ಸಾರಿದ್ದು 1934ರಲ್ಲಿ. ಬೆಳಗಾವಿ ಜಿಲ್ಲೆ ಆಗ ಮುಂಬಯಿಗೆ ಸೇರಿತ್ತು. ಹೀಗಾಗಿ ಸವದತ್ತಿ, ಬೈಲಹೊಂಗಲ, ಕಿತ್ತೂರಿಗೆಲ್ಲ ಆ ಕಾಯ್ದೆ ಲಾಗೂ ಆಯಿತು. ಪಕ್ಕದ ರಾಮದುರ್ಗ ಸಂಸ್ಥಾನವಾಗಿತ್ತು. ಅದು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದದ್ದು 1948ರಲ್ಲಿ. ನಕಾಶೆಯ ಮೇಲೆ ಕಾಯ್ದೆಗೆ ಹೀಗೊಂದು ಗಡಿ ಇತ್ತು. ಸವದತ್ತಿಯ ಎಲ್ಲಮ್ಮನ ಗುಡ್ಡದ ಹಾದಿಗೆ ಅಂಥ ಗಡಿ ಇರಲಿಲ್ಲ. ಕಾಯ್ದೆ ಇದ್ದ ಊರಿನಿಂದಲೂ ಇಲ್ಲದ ಊರಿನಿಂದಲೂ ಜನ ಬಂದರು, ಜೋಗುಳಬಾವಿಯಲ್ಲಿ ಮಿಂದರು, ಮಕ್ಕಳ ಕೊರಳಿಗೆ ಕೆಂಪು-ಬಿಳಿ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟರು.

ಯಾರ ಮಕ್ಕಳು? ಬಹುಪಾಲು ದಲಿತರ ಮಕ್ಕಳು. ಗಂಡುಸಂತಾನವಿಲ್ಲದ ಮನೆಯಲ್ಲಿ ಮಗಳನ್ನು ದೇವಿಗೆ ಬಿಟ್ಟರೆ ಅವಳು ತವರಿನಲ್ಲೇ ಉಳಿದು ಮುಪ್ಪಿನ ತಂದೆ-ತಾಯಿಯನ್ನು ಸಾಕುತ್ತಾಳೆ ಎಂಬ ಲೆಕ್ಕ ಒಂದು. ವಾಸಿಯಾಗದ ಜಡ್ಡು, ತೀರದ ಹರಕೆ ಇನ್ನೊಂದು. ಕೂದಲಿನಲ್ಲಿ ಜಡಿ ಕಟ್ಟಿತೆಂದರೆ ಮುಗಿಯಿತು, ಎಲ್ಲವ್ವ ಕರೆದಿದ್ದಾಳೆ ಎನ್ನುತ್ತಿದ್ದರು. ಮಂಗಳವಾರ, ಶುಕ್ರವಾರ ದೇವಿಯ ಹೆಸರಿನಲ್ಲಿ ಜೋಗ ಬೇಡಿ ಬೆಳೆದ ಹುಡುಗಿ ಮೈನೆರೆಯುತ್ತಲೇ ಊರ ಉಳ್ಳವರ ಪಾಲಾಗುತ್ತಿದ್ದಳು. ಅಲ್ಲಿಂದ ಎಷ್ಟೋ ಮಂದಿ ಮುಂಬಯಿ, ಪುಣೆ, ಸಾಂಗ್ಲಿಯ ಓಣಿಗಳಿಗೆ ಹೋಗಿ ಬಿದ್ದರು. ಭಕ್ತಿಯ ಹೆಸರಿನಲ್ಲಿ ಇದನ್ನು ಸಮರ್ಥಿಸುವವರು ಇಂದಿಗೂ ಸಿಗುತ್ತಾರೆ. ಭಕ್ತಿಯೇ ಆಗಿದ್ದರೆ ಹರಕೆ ತೀರಿಸುವ ಸರದಿ ಸದಾ ಬಡವರ ಹಟ್ಟಿಗೇ ಏಕೆ ಬರುತ್ತಿತ್ತು?

ಕರ್ನಾಟಕ 1982ರಲ್ಲಿ ತನ್ನದೇ ನಿಷೇಧ ಕಾಯ್ದೆ ರೂಪಿಸಿತು. ಅದು ಜಾರಿಗೆ ಬಂದದ್ದು 1984ರಲ್ಲಿ. ಮುತ್ತು ಕಟ್ಟಿಸುವವರಿಗೆ 3 ವರ್ಷದವರೆಗೆ ಸಜೆ. ಹೆತ್ತವರೋ ಸಂಬಂಧಿಕರೋ ಆಗಿದ್ದರೆ ಕನಿಷ್ಠ 2, ಗರಿಷ್ಠ 5 ವರ್ಷ. ಕಾಗದದ ಮೇಲೆ ಬಿಗಿಯಾದ ಕಾಯ್ದೆಯೇ. ಆದರೆ ಏಳೆಂಟು ವರ್ಷದ ಮಗು ಹೆತ್ತವ್ವನ ಮೇಲೆ ಠಾಣೆಗೆ ಹೋಗಿ ದೂರು ಕೊಡುವುದುಂಟೆ? ಗುಡ್ಡದಲ್ಲಿ ಪೊಲೀಸರು ನಿಂತಾಗ ಮುತ್ತು ಕಟ್ಟುವ ಶಾಸ್ತ್ರ ರಾತ್ರೋರಾತ್ರಿ ಮನೆಯೊಳಗೆ, ಊರಾಚೆಯ ಸಣ್ಣ ಗುಡಿಗಳಿಗೆ ಸರಿಯಿತು. ಆ ಪದ್ಧತಿ ಬಿಟ್ಟು ಬಂದ ಹೆಣ್ಣುಮಗಳು ಮರುದಿನ ಏನು ಉಣ್ಣಬೇಕು ಎಂಬುದಕ್ಕೆ ಆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ.

ಇಂಥದ್ದೇ ಕಥೆ ಅಮೆರಿಕದ ದಕ್ಷಿಣ ರಾಜ್ಯಗಳದ್ದು. ಜನಾಂಗದ ಕಾರಣಕ್ಕೆ ಮತದ ಹಕ್ಕು ಕಸಿಯುವಂತಿಲ್ಲ ಎಂದು ಅಲ್ಲಿನ ಸಂವಿಧಾನಕ್ಕೆ ತಿದ್ದುಪಡಿ ಬಂದದ್ದು 1870ರಲ್ಲಿ. ಮಿಸಿಸಿಪ್ಪಿಯೂ ನಮ್ಮ ಬೈಲಹೊಂಗಲದ ಎರೆಸೀಮೆಯಂತೆ ಹತ್ತಿ ಬೆಳೆಯುವ ನೆಲ. ಅಲ್ಲಿ ಪರರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ ಫ್ಯಾನಿ ಲೂ ಹೇಮರ್ ಎಂಬ ಕಪ್ಪು ಹೆಣ್ಣುಮಗಳಿಗೆ ತನಗೆ ಅಂಥ ಹಕ್ಕಿದೆ ಎಂದು ತಿಳಿಯುವ ಹೊತ್ತಿಗೆ ವಯಸ್ಸು 44. 1962ರಲ್ಲಿ ಹೆಸರು ನೋಂದಾಯಿಸಲು ಹೋದಳು. ಹೊಲದ ಧಣಿ ಅವಳನ್ನು ಹೊರಗಟ್ಟಿದ. ಮರುವರ್ಷ ಜೈಲಿನಲ್ಲಿ ಹಾಕಿ ಬಡಿದರು. ಅವಳು ಮನೆಮನೆಗೆ ಹೋಗುವುದನ್ನು ಬಿಡಲಿಲ್ಲ. ಮತದಾನದ ಹಕ್ಕಿಗೆ ನಿಜವಾಗಿ ಬಲ ತುಂಬಿದ ಕಾಯ್ದೆ ಬಂದದ್ದು 1965ರಲ್ಲಿ, ಅಂದರೆ 95 ವರ್ಷ ಕಳೆದ ಮೇಲೆ.  ಉಂಡವರಿಗಷ್ಟೇ ಕಹಿಯ ರುಚಿ ಗೊತ್ತು. ಅವರ ಮಾತಿಗೆ ಇರುವ ತೂಕ ಸರ್ಕಾರದ ಸುತ್ತೋಲೆಗೆ ಇರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿಯೂ ಆದದ್ದು ಇದೇ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರನ್ನು ಏಳನೆಯ ವಯಸ್ಸಿಗೇ ದೇವಿಗೆ ಬಿಟ್ಟಿದ್ದರು. ತೊಂಬತ್ತರ ದಶಕದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಕೈಜೋಡಿಸಿದಾಗ ಸಂಘ ಕಟ್ಟಲು ಮುಂದೆ ಬಂದವರಲ್ಲಿ ಅವರೂ ಒಬ್ಬರು. 1997ರಲ್ಲಿ ಮಾಜಿ ದೇವದಾಸಿಯರದೇ ಸಂಸ್ಥೆಯಾಗಿ 'ಮಾಸ್' ನೋಂದಣಿಯಾಯಿತು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಘಟಪ್ರಭಾದಲ್ಲಿ. 2018ರಲ್ಲಿ ಸೀತವ್ವ ಅವರಿಗೆ ಪದ್ಮಶ್ರೀ ಬಂತು.

ಈ ಸಂಸ್ಥೆಯವರು ಮಾಡಿದ ಕೆಲಸಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಜಡಿ ಎಂದರೆ ತೊಳೆಯದ, ಬಾಚದ, ಭಂಡಾರ ಮೆತ್ತಿ ಮೆತ್ತಿ ಹಗ್ಗದಂತೆ ಹೊಸೆದುಕೊಂಡ ಕೂದಲು, ಅಷ್ಟೇ. ಆದರೆ ಅದನ್ನು ಮುಟ್ಟಿದರೆ ಕೇಡು ಎಂಬ ಅಂಜಿಕೆ ಊರನ್ನೇ ಕಟ್ಟಿಹಾಕಿತ್ತು. ಡಾಕ್ಟರು ಹೇಳಿದರೂ ಅಧಿಕಾರಿ ಹೇಳಿದರೂ ಜನ ಕತ್ತರಿ ಹಿಡಿಯುತ್ತಿರಲಿಲ್ಲ. ಸಂಘದ ಅಕ್ಕಂದಿರು ಅಂಥ ಮನೆಗೆ ಹೋಗಿ, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ತಮ್ಮ ಕೈಯಿಂದಲೇ ಜಡಿ ಕತ್ತರಿಸಿ ಎರೆದರು. ಒಂದು ಕಾಲಕ್ಕೆ ತಾವೇ ಮುತ್ತು ಕಟ್ಟಿಸಿಕೊಂಡವರು, ದೇವಿಯ ಬುಟ್ಟಿ ಪಡ್ಡಲಗಿ ಹೊತ್ತವರು! ಕೇಡಾಗುವುದಿದ್ದರೆ ಮೊದಲು ಇವರಿಗೇ ಆಗಬೇಕಿತ್ತಲ್ಲ ಎಂದು ತಾಯಂದಿರಿಗೆ ಅನ್ನಿಸಿದರೆ ಸಾಕಿತ್ತು. ಜಾತ್ರೆಯ ಹೊತ್ತಿಗೆ ಇವರೇ ಗುಡ್ಡಕ್ಕೆ ಹೋಗಿ ಜನರ ನಡುವೆ ನಿಂತು ತಿಳಿಹೇಳಿದರು. ದೇವಿಯನ್ನು ಬೈಯಲಿಲ್ಲ, ಮಗಳನ್ನು ಬಿಡಬೇಡಿ ಎಂದರು. ಚಳವಳಿ ಇಲ್ಲಿ ಬೇರೂರಿದ್ದು ಇದರಿಂದಲೇ ಎಂಬುದು ನನ್ನ ನಂಬಿಕೆ.

ರಾಜ್ಯ ಸರ್ಕಾರದ ದೇವದಾಸಿಯರ ಗಣತಿಯಲ್ಲಿ 1993-94ರಲ್ಲಿ 22,873 ಮಂದಿ ಸಿಕ್ಕರು. 2007-08ರ ಗಣತಿ ಸೇರಿ ಲೆಕ್ಕ 46,660ಕ್ಕೆ ಏರಿತು. ಮೊದಲ ಸಲ ಹೆಸರು ಬರೆಸಲು ನಾಚಿದವರು, ಅಂಜಿದವರು, ದುಡಿಯಲು ಪರಊರಿಗೆ ಹೋದವರು ಪಟ್ಟಿಯಿಂದ ಹೊರಗುಳಿದಿದ್ದರು. ಪಟ್ಟಿಯಲ್ಲಿ ಇಲ್ಲದವಳಿಗೆ ಮಾಸಾಶನವಿಲ್ಲ, ಮನೆಯಿಲ್ಲ, ಸಾಲವಿಲ್ಲ.

2025ರಲ್ಲಿ ವಿಧಾನಮಂಡಲ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಹಳೆಯ ಕಾಯ್ದೆ ಮರೆತಿದ್ದ ಪರಿಹಾರ, ಪುನರ್ವಸತಿ ಇದರಲ್ಲಿ ಸೇರಿವೆ. ತಂದೆ ಯಾರೆಂದು ಸ್ಥಾಪಿಸಿಕೊಳ್ಳುವ ಹಕ್ಕು ಮಕ್ಕಳಿಗೆ ಸಿಗುತ್ತದೆ. ಸ್ವಾಗತಿಸಬೇಕಾದದ್ದೇ. ಆದರೆ ಮಸೂದೆಯ ಅಳತೆ ಆಗುವುದು ಬೆಂಗಳೂರಿನಲ್ಲಲ್ಲ, ಶಾಲೆಯ ದಾಖಲಾತಿ ಫಾರ್ಮಿನ 'ತಂದೆಯ ಹೆಸರು' ಎಂಬ ಕಾಲಂನಲ್ಲಿ. ಅಲ್ಲಿ ಅಜ್ಜನ ಹೆಸರು ಬರೆಸಿದ ತಾಯಂದಿರಿದ್ದಾರೆ, ಗುಮಾಸ್ತರ ಕೊಂಕುಪ್ರಶ್ನೆಗೆ ತಲೆತಗ್ಗಿಸಿ ಮಗುವಿನ ಕೈಹಿಡಿದು ಹೊರಬಂದವರಿದ್ದಾರೆ.

ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರಿನ ಹೆಡ್‌ಮಾಸ್ತರರಲ್ಲಿ, ಬ್ಯಾಂಕು ಮತ್ತು ನಾಡಕಚೇರಿಯ ಸಿಬ್ಬಂದಿಯಲ್ಲಿ ಒಂದೇ ಕೋರಿಕೆ: ತಾಯಿಯ ಹೆಸರೊಂದನ್ನೇ ಹೇಳುವ ಮಗು ಬಂದರೆ ಎರಡನೆಯ ಪ್ರಶ್ನೆ ಕೇಳಬೇಡಿ, ಅಷ್ಟನ್ನೇ ಬರೆದುಕೊಳ್ಳಿ. ಗಣತಿಗೆ ಹೋಗುವವರು ಸಂಘದ ಅಕ್ಕಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ಮನೆಯ ಬಾಗಿಲು ತಟ್ಟಬೇಕೆಂದು ಅವರಿಗೆ ಗೊತ್ತಿದೆ.