ಬಾಟಲಿಯ ಶ್ವಾಸಕೋಶಕ್ಕೆ ಯಾವ ರಬ್ಬರ್?

ನಾನು ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ವಿಜ್ಞಾನ ವಿಭಾಗದ ಗೆಳತಿಯರು ವಸ್ತುಪ್ರದರ್ಶನಕ್ಕೆ ಉಸಿರಾಟದ ಮಾದರಿ ಮಾಡಿದಾಗ ಸಾಮಾನು ತಂದು ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮನೆಯ ಉರ್ದುವಿನಲ್ಲಿ ಶ್ವಾಸಕೋಶಕ್ಕೆ ಫೇಫಡಾ ಎನ್ನುತ್ತೇವೆ. ಅದರ ಕೆಳಗಿರುವ ಸ್ನಾಯುವಿನ ಪರದೆಗೆ ಕನ್ನಡದಲ್ಲಿ ‘ವಪೆ’ ಎಂಬ ಹೆಸರಿದೆ ಎಂದು ತಿಳಿದದ್ದು ಆಗಲೇ.

2 ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಬೇಕು. ಮುಚ್ಚಳದ ಮೂಲಕ ಕವಲೊಡೆದ ಕೊಳವೆ ಇಳಿಸಿ, ಎರಡೂ ತುದಿಗೆ ಬಲೂನು ಕಟ್ಟಬೇಕು. ಇವು ಶ್ವಾಸಕೋಶಗಳು. ತಳಕ್ಕೆ ಬಿಗಿದ ರಬ್ಬರ್ ಹಾಳೆಯೇ ವಪೆ. ಹಾಳೆಯನ್ನು ಕೆಳಕ್ಕೆ ಎಳೆದರೆ ಒಳಗಿನ ಜಾಗ ಹೆಚ್ಚಿ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಬಲೂನಿಗೆ ಬರುತ್ತದೆ. ಗಾಳಿ ತುಂಬಿದ್ದರಿಂದ ಎದೆ ಹಿಗ್ಗುತ್ತದೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ನಿಜವಾಗಿ, ಎದೆ ಹಿಗ್ಗಿದ್ದರಿಂದ ಗಾಳಿ ಬರುತ್ತದೆ. ಮಾದರಿ ತೋರಿಸಬೇಕಾದದ್ದು ಇದನ್ನೇ.

ರಬ್ಬರ್ ತಪ್ಪಿದರೆ ಇದು ಕಾಣುವುದೇ ಇಲ್ಲ. ಕೈಯಿಂದ ಹಾಳೆ ಎಳೆದಾಗ ಉಂಟಾಗುವ ಒತ್ತಡದ ವ್ಯತ್ಯಾಸ ಸಣ್ಣದು. ದಪ್ಪ ಬಲೂನು ಅದಕ್ಕೆ ಜಗ್ಗುವುದಿಲ್ಲ. ಹೊಸ ಬಲೂನು ಊದುವಾಗ ಮೊದಲ ಉಸಿರಿಗೆ ಕೆನ್ನೆ ನೋಯುತ್ತದಲ್ಲ, ಅದೇ ತೊಂದರೆ. ಆದ್ದರಿಂದ ಒಳಗೆ ತೆಳುವಾದ ಬಲೂನು ಹಾಕಿ, ಮೊದಲೇ ನಾಲ್ಕೈದು ಸಲ ಊದಿ ಸಡಿಲಿಸಿಕೊಳ್ಳಬೇಕು. ತೆಳುವಾದ ಪ್ಲಾಸ್ಟಿಕ್ ಚೀಲ ಇನ್ನೂ ಸುಲಭವಾಗಿ ಉಬ್ಬುತ್ತದೆ, ಆದರೆ ಅದು ತಾನಾಗಿ ಕುಗ್ಗುವುದಿಲ್ಲ. ನಾವು ಸುಮ್ಮನೆ ಕುಳಿತಾಗ ಉಸಿರು ಹೊರಹೋಗುವುದು ಶ್ವಾಸಕೋಶದ ಕುಗ್ಗುವ ಗುಣದಿಂದಲೇ, ಹಾಗಾಗಿ ನನ್ನ ಮತ ರಬ್ಬರಿಗೆ.

ವಪೆಗೆ ಬೇರೆಯದೇ ಗುಣ ಬೇಕು. ದಿನವಿಡೀ ಮಕ್ಕಳು ಎಳೆದರೂ ಹರಿಯಬಾರದು. ಸೈಕಲ್ ಟ್ಯೂಬ್ ಗಟ್ಟಿ, ಆದರೆ ಎಳೆಯಲು ಕಷ್ಟ. ದೊಡ್ಡ ಬಲೂನಿನ ಮೇಲ್ಭಾಗ ಕತ್ತರಿಸಿದರೆ ಸಾಕು, ಖರ್ಚೂ ಕಡಿಮೆ. ಸಿಲಿಕೋನ್ ಹಾಳೆ ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಪ್ರತಿ ವರ್ಷ ಅದೇ ಮಾದರಿ ಇಡುವುದಾದರೆ ಮಾತ್ರ ಆ ಖರ್ಚಿಗೆ ಅರ್ಥವಿದೆ. ಲೇಟೆಕ್ಸ್ ಬಲೂನಿಗೆ ಎಣ್ಣೆ, ವ್ಯಾಸಲೀನ್ ತಾಗಿಸಬೇಡಿ, ಬಿಸಿಲಿಗೂ ಇಡಬೇಡಿ. ಬೇಗ ಹಾಳಾಗುತ್ತದೆ.

ಅಂಗಡಿಗೆ ಹೋಗುವ ಮುನ್ನ ಒಂದು ಮಾತು ಕೇಳಿಕೊಳ್ಳಿ: ಗುಂಪಿನಲ್ಲಿ ಯಾರಿಗಾದರೂ ಲೇಟೆಕ್ಸ್ ಅಲರ್ಜಿ ಇದೆಯೇ? ಕೆಲವರಿಗೆ ಮೈ ತುರಿಸುತ್ತದೆ, ಅಪರೂಪಕ್ಕೆ ಉಸಿರೇ ಕಟ್ಟಬಹುದು. ಅಂಥವರಿದ್ದರೆ ಲೇಟೆಕ್ಸ್ ಬೇಡವೇ ಬೇಡ. ವಪೆಗೆ ನೈಟ್ರೈಲ್ ಕೈಗವಸು ಕತ್ತರಿಸಿ, ಒಳಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಆಗ ಹಾಳೆಯನ್ನು ಕೈಯಿಂದಲೇ ಮೇಲಕ್ಕೆ ತಳ್ಳಿ ಉಸಿರು ಬಿಡಿಸಬೇಕಾಗುತ್ತದೆ.